ಎರಡು ನಿಲ್ದಾಣ, ಹದಿನೈದು ತಿಂಗಳು

ಕಲ್ಯಾಣದಿಂದ ಕರ್ಜತ್ ಕಡೆಗೆ ಹೊರಟ ಲೋಕಲ್ ಗಾಡಿಗೆ ಮೊದಲು ಸಿಗುವ ನಿಲ್ದಾಣ ವಿಠ್ಠಲವಾಡಿ. ಅದರ ಮುಂದೆ ಉಲ್ಲಾಸನಗರ, ಆಮೇಲೆ ಅಂಬರನಾಥ. ಗಾಡಿ ಹತ್ತಿದವರು ಕಾಲೂರಲು ಜಾಗ ಹುಡುಕಿಕೊಳ್ಳುವಷ್ಟರಲ್ಲಿ ಅಂಬರನಾಥ ಬಂದಿರುತ್ತದೆ. ಈ ಎರಡು ನಿಲ್ದಾಣಗಳ ಪ್ರಯಾಣಕ್ಕೆ ನಮಗೆ ಹದಿನೈದು ತಿಂಗಳು ಹಿಡಿಯಿತೆಂದರೆ ವಾಚಕರು ನಗಬಹುದು. ನಕ್ಕರೆ ನಮ್ಮ ಅಭ್ಯಂತರವಿಲ್ಲ. ನೆರೆಹೊರೆಯವರು ಆಗಲೇ ಸಾಕಷ್ಟು ನಕ್ಕಿದ್ದಾರೆ. ನಾವು ಹೊರಟದ್ದು ರೈಲಿನಲ್ಲಲ್ಲ, ಅಪ್ಪಯ್ಯನ ಪದ್ಮಿನಿಯಲ್ಲಿ.

1986ರ ಈ ಪ್ರೀಮಿಯರ್ ಪದ್ಮಿನಿಯನ್ನು ಅಪ್ಪಯ್ಯ 1994ರಲ್ಲಿ ಎರಡನೆಯ ಕೈಯಿಂದ ಕೊಂಡಿದ್ದರು. ಪ್ರತಿ ವರ್ಷ ಮೇ ತಿಂಗಳಲ್ಲಿ ಅದರಲ್ಲಿಯೇ ಕುಮಟೆಯ ಪ್ರಯಾಣ. ಮುಂದೆ ಆಯಿ, ಹಿಂದೆ ಅಕ್ಕ, ಅಣ್ಣ, ನಾವು, ಕಾಲ ಬಳಿ ಅವಲಕ್ಕಿಯ ಡಬ್ಬಿ. ಕಶೇಡಿ ಘಾಟಿಯಲ್ಲಿ ಇಂಜಿನು ಕಾದು ಬುಸುಗುಟ್ಟಿದಾಗ ಎಲ್ಲರೂ ಇಳಿದು ಮರದ ನೆರಳಿನಲ್ಲಿ ಕುಳಿತುಕೊಳ್ಳುವುದು ವಾಡಿಕೆ. 1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಆರಂಭವಾಯಿತು. ನಾವು ರೈಲು ಹಿಡಿದೆವು, ಪದ್ಮಿನಿಗೆ ಕಲ್ಯಾಣದ ಸಂತೆ ಮಾತ್ರ ಉಳಿಯಿತು. 2014ರಲ್ಲಿ ಅಪ್ಪಯ್ಯ ತೀರಿಕೊಂಡ ಮೇಲೆ ಅದಕ್ಕೊಂದು ತಾಡಪಾಲು ಹೊದಿಸಿದವರು ಮತ್ತೆ ತೆಗೆಯಲಿಲ್ಲ.

2023ರ ಜನವರಿಯಲ್ಲಿ ನಮ್ಮ ಗೃಹ ಸಂಘದಿಂದ ಕಾಗದ ಬಂದಿತು: ಓಡದ ವಾಹನಗಳನ್ನು ಮೂರು ತಿಂಗಳೊಳಗೆ ತೆಗೆಯತಕ್ಕದ್ದು. ಗುಜರಿಯವನು ಬಂದು ಸುತ್ತ ಒಂದು ಸಲ ನಡೆದು ಹದಿನೆಂಟು ಸಾವಿರ ಎಂದ. ಕೊಟ್ಟುಬಿಡೋಣವೆಂದು ಅಣ್ಣನ ಅಭಿಪ್ರಾಯ. ನಮ್ಮದೂ ಬೇರೆಯಾಗಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಆಯಿ, "ಮಾರುವುದಾದರೆ ಮಾರಿ. ಆದರೆ ಒಂದು ಸಲ ಓಡಿಸಿ ಮಾರಿ. ಅದನ್ನು ಹೆಣದ ಹಾಗೆ ಎಳೆದುಕೊಂಡು ಹೋಗುವುದನ್ನು ನನ್ನಿಂದ ನೋಡಲಾಗದು," ಎಂದರು. ಎಲ್ಲಿಗೆ ಓಡಿಸಬೇಕೆಂದು ಕೇಳಿದೆವು. "ಅಂಬರನಾಥನ ಗುಡಿಗಾದರೂ ಸಾಕು."

ಹೀಗೆ ಆರಂಭವಾಯಿತು ನಮ್ಮ ತಪಸ್ಸು. ಆಯಿ ಡೊಂಬಿವಲಿಯ ಅಕ್ಕನ ಮನೆಗೆ ಹೋಗಿದ್ದ ಒಂದು ದಿನ ಗಾಡಿಯನ್ನು ಗುಟ್ಟಾಗಿ ಉಲ್ಲಾಸನಗರದ ಒಂದು ಗ್ಯಾರೇಜಿಗೆ ಎಳೆಸಿದೆವು. ಒಂಬತ್ತು ವರ್ಷ ನಿಂತ ಇಂಜಿನಿನಲ್ಲಿ ಪಿಸ್ಟನ್ನುಗಳು ಸಿಲಿಂಡರಿಗೆ ಅಂಟಿಕೊಂಡಿದ್ದವು. ಪೆಟ್ರೋಲ್ ಟಾಂಕಿಯ ತಳದಲ್ಲಿ ಕೆಂಪು ಕೆಸರು. ಚಾಲಕನ ಕಾಲಡಿಯ ತಗಡಿನ ತೂತಿನಿಂದ ನೆಲ ಕಾಣುತ್ತಿತ್ತು.

ಈ ಗಾಡಿಯ ಪೂರ್ವೇತಿಹಾಸವನ್ನು ಒಂದಿಷ್ಟು ಹೇಳಬೇಕು, ಏಕೆಂದರೆ ಅದರಲ್ಲಿ ಕನ್ನಡಿಗರ ಪಾಲೂ ಇದೆ. 1930ರ ದಶಕದಲ್ಲಿ ಭಾರತಕ್ಕೆ ಸ್ವಂತ ಮೋಟಾರು ಕಾರ್ಖಾನೆ ಬೇಕೆಂದು ವಿದೇಶಗಳನ್ನು ಸುತ್ತಿ ಯೋಜನೆ ಸಿದ್ಧಪಡಿಸಿದವರು ಸರ್ ಎಂ. ವಿಶ್ವೇಶ್ವರಯ್ಯನವರು. ಆ ಪ್ರಯತ್ನದಲ್ಲಿ ಜೊತೆಯಾದ ವಾಲಚಂದ್ ಹೀರಾಚಂದರು 1940ರಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನೂ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯನ್ನೂ ಸ್ಥಾಪಿಸಿದರು. ಕುರ್ಲಾದ ಅದರ ಕಾರ್ಖಾನೆಯಲ್ಲಿ ಇಟಲಿಯ ಫಿಯಾಟ್ 1100 ತಯಾರಾಗತೊಡಗಿತು. 1970ರ ದಶಕದಲ್ಲಿ ಅದೇ ಗಾಡಿಗೆ ಪದ್ಮಿನಿ ಎಂಬ ಹೆಸರು ಬಂದಿತು. 2001ರ ಸುಮಾರಿಗೆ ತಯಾರಿಕೆ ನಿಂತಿತು. ಕಾರ್ಖಾನೆ ಮುಚ್ಚಿದರೂ ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳ ದೆಸೆಯಿಂದ ಬಿಡಿಭಾಗಗಳ ವ್ಯಾಪಾರ ಉಳಿಯಿತು.

ಆ ವ್ಯಾಪಾರವನ್ನು ಹುಡುಕಿಕೊಂಡು ಎಷ್ಟು ಭಾನುವಾರ ತಿರುಗಿದೆವೋ ಲೆಕ್ಕವಿಲ್ಲ. ಕುರ್ಲಾದ ಹಳೆಯ ಸಾಮಾನಿನ ಅಂಗಡಿಗಳು, ಸ್ಯಾಂಡ್‌ಹರ್ಸ್ಟ್ ರೋಡಿನಲ್ಲಿ ಇಳಿದು ನಡೆದುಹೋಗುವ ಚೋರ್ ಬಜಾರು, ಎಲ್ಲ ಕಡೆಯೂ ಒಂದೇ ಪಾಠ. ಬಾಯಲ್ಲಿ ಹೆಸರು ಹೇಳಿದರೆ ಪ್ರಯೋಜನವಿಲ್ಲ, ಹಳೆಯ ಭಾಗವನ್ನೇ ಕೈಯಲ್ಲಿ ಹಿಡಿದು ಹೋಗಬೇಕು. ಅಂತೆಯೇ ನೀರಿನ ಪಂಪನ್ನು ವರ್ತಮಾನಪತ್ರಿಕೆಯಲ್ಲಿ ಸುತ್ತಿ ಊಟದ ಡಬ್ಬಿಯ ಜೊತೆ ಕಚೇರಿಗೆ ಒಯ್ದು, ಸಂಜೆ ಅಲ್ಲಿಂದಲೇ ಕುರ್ಲಾಕ್ಕೆ ಹೋದದ್ದುಂಟು. ಒಂದು ಕಡತದ ಮೇಲೆ ಬಿದ್ದ ಎಣ್ಣೆಯ ಕಲೆಗೆ ಮೇಲಧಿಕಾರಿಗಳು ಕಾರಣ ಕೇಳಲಿಲ್ಲವೆಂಬುದು ನಮ್ಮ ಪುಣ್ಯ.

ಮೊದಲನೆಯ ಪೆಟ್ಟು ಬಿದ್ದದ್ದು ಬ್ರೇಕಿನಲ್ಲಿ. ಅಂಗಡಿಯವರು ಒರಿಜಿನಲ್ ಎಂದು ಕೊಟ್ಟ ರಬ್ಬರಿನ ಕಿಟ್ಟನ್ನು ಮಾಸ್ಟರ್ ಸಿಲಿಂಡರಿಗೆ ಹಾಕಿಸಿದೆವು. ಎರಡು ದಿನ ಗಟ್ಟಿಯಾಗಿದ್ದ ಪೆಡಲು ಮೂರನೆಯ ದಿನ ನೆಲ ಮುಟ್ಟಿತು. ರಬ್ಬರು ತೆಳುವಾಗಿದ್ದದ್ದು ನಿಜ. ಆದರೆ ಸಿಲಿಂಡರಿನ ಒಳಗೋಡೆಯಲ್ಲಿಯೇ ತುಕ್ಕು ಗುಳಿ ಕೊರೆದಿತ್ತು, ಯಾವ ರಬ್ಬರು ಹಾಕಿದರೂ ಸೋರುವುದೇ. ಇದಕ್ಕೆ ಪರಿಹಾರ ಸಿಕ್ಕಿದ್ದು ಮುಂಬಯಿಯಲ್ಲಲ್ಲ, ಉಲ್ಲಾಸನಗರದ ಒಂದು ಲೇಥಿನ ಮುಂದೆ. ದೇಶ ವಿಭಜನೆಯಾದಾಗ ಸಿಂಧದಿಂದ ಬಂದವರಿಗೆ ಸೈನ್ಯದ ಹಳೆಯ ಕಲ್ಯಾಣ ಕ್ಯಾಂಪಿನ ಬರಾಕುಗಳಲ್ಲಿ ಆಸರೆ ಕೊಟ್ಟರು; 1949ರ ಆಗಸ್ಟ್ 8ರಂದು ಅದಕ್ಕೆ ಉಲ್ಲಾಸನಗರವೆಂದು ಹೆಸರಾಯಿತು. ಏನೂ ಇಲ್ಲದೆ ಬಂದವರು ಬೇಕಾದ್ದನ್ನೆಲ್ಲ ಕೈಯಿಂದಲೇ ಮಾಡಿಕೊಂಡ ಊರು ಅದು. ಲೇಥಿನ ಯಜಮಾನರು ಸಿಲಿಂಡರನ್ನು ಕೊರೆದು ಒಳಗೆ ಹಿತ್ತಾಳೆಯ ತೋಳು ಕೂರಿಸಿ ಮೊದಲಿನ ಅಳತೆಗೇ ತಂದುಕೊಟ್ಟರು. ಇಂದಿಗೂ ಒಂದು ಹನಿ ಸೋರಿಲ್ಲ.

ಎರಡನೆಯ ಪೆಟ್ಟಿಗೆ ಹೊಣೆ ನಾವೇ. ಪದ್ಮಿನಿಯ ಇಂಜಿನು 1089 ಸಿಸಿ. ಪ್ರತಿ ಸಿಲಿಂಡರಿನ ವ್ಯಾಸ 68 ಮಿಲಿಮೀಟರು, ಪಿಸ್ಟನ್ನಿನ ಓಟ 75. ಸವೆದ ಸಿಲಿಂಡರನ್ನು ಒಂದಿಷ್ಟು ಅಗಲಕ್ಕೆ ಕೊರೆಸಿ, ಅದಕ್ಕೆ ಒಪ್ಪುವ ದೊಡ್ಡ ಪಿಸ್ಟನ್ ಹಾಕುವುದು ಪದ್ಧತಿ. ಕೆಲಸ ಬೇಗ ಮುಗಿಯಲೆಂದು ನಾವು ಮೊದಲು ಕೊರೆಸಿದೆವು, ಆಮೇಲೆ ಪಿಸ್ಟನ್ ಹುಡುಕಲು ಹೊರಟೆವು. ಆ ಅಳತೆಯದು ಎಲ್ಲಿಯೂ ಇಲ್ಲ! ಕೊರೆದ ಲೋಹವನ್ನು ಮತ್ತೆ ತುಂಬಲಾದೀತೇ? ಹೆಣ್ಣು ನೋಡುವ ಮೊದಲೇ ಚಪ್ಪರ ಹಾಕಿಸಿದವರ ಪಾಡು ನಮ್ಮದಾಯಿತು. ವಾಚಕರಲ್ಲಿ ಯಾರಾದರೂ ಈ ಸಾಹಸಕ್ಕೆ ಕೈಹಾಕುವುದಾದರೆ ನೆನಪಿಡಲಿ: ಪಿಸ್ಟನ್ ಕೈಗೆ ಬಂದ ಮೇಲೆ ಅದರ ಅಳತೆಗೆ ಸಿಲಿಂಡರು.

ಐದು ತಿಂಗಳು ಇಂಜಿನು ಗೋಣಿಚೀಲದ ಕೆಳಗೆ ಬಿದ್ದಿತ್ತು. ಅಣ್ಣ ಗ್ಯಾರೇಜಿಗೆ ಬರುವುದನ್ನೇ ನಿಲ್ಲಿಸಿದ. ಅಷ್ಟರಲ್ಲಿ ಮುಂಬಯಿಯ ಪದ್ಮಿನಿ ಟ್ಯಾಕ್ಸಿಗಳ ಕಾಲವೂ ಮುಗಿಯಿತು. ಅಲ್ಲಿ ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿ. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಾವಣೆಯಾದದ್ದು 2003ರ ಅಕ್ಟೋಬರ್ 29ರಂದು, ಆದ್ದರಿಂದ 2023ರ ಅಕ್ಟೋಬರ್ 30ರಿಂದ ಒಂದೂ ಉಳಿಯಲಿಲ್ಲ. ಇನ್ನು ನಮ್ಮ ಗತಿ ಮುಗಿಯಿತೆಂದುಕೊಂಡೆವು. ಆದದ್ದು ಬೇರೆ. ಕುರ್ಲಾದ ಒಬ್ಬ ಅಂಗಡಿಯವರು ಟ್ಯಾಕ್ಸಿ ಬಿಟ್ಟ ಮುದುಕರೊಬ್ಬರ ಮನೆ ತೋರಿಸಿದರು. ಜೌನ್‌ಪುರದ ಕಡೆಯವರು. ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ, ಎಂದಾದರೂ ಬೇಕಾದೀತೆಂದು ಕೊಂಡಿಟ್ಟಿದ್ದ ನಾಲ್ಕು ಪಿಸ್ಟನ್ನುಗಳು ಎಣ್ಣೆಕಾಗದದಲ್ಲಿ ಹಾಗೆಯೇ ಇದ್ದವು. ನಮ್ಮದಕ್ಕಿಂತ ಒಂದು ಅಳತೆ ದೊಡ್ಡವು. ಇನ್ನೊಮ್ಮೆ ಕೊರೆಸಲು ಸಿಲಿಂಡರಿನಲ್ಲಿ ಆಸ್ಪದವಿತ್ತು. ಬೆಲೆ ಕೇಳಿದರೆ ಅವರು ಬೇರೆಯೇ ಪ್ರಶ್ನೆ ಕೇಳಿದರು: "ನೋಡುವುದಕ್ಕೆ ಇಡುತ್ತೀರೋ, ಓಡಿಸುತ್ತೀರೋ?" ತಾಯಿಯನ್ನು ಗುಡಿಗೆ ಕರೆದೊಯ್ಯಬೇಕೆಂದೆವು. ತಾವು ಕೊಟ್ಟಿದ್ದ ಬೆಲೆಯನ್ನಷ್ಟೇ ತೆಗೆದುಕೊಂಡರು. ಇಂಜಿನು ಮೊದಲು ಹೊತ್ತಿದ ದಿನ ಅಂಬರನಾಥ ಲೋಕಲ್ ಹಿಡಿದು ಬಂದು, ಬಾನೆಟ್ಟಿಗೆ ಕಿವಿಯಿಟ್ಟು ಕೇಳಿ, ಚಹಾ ಕುಡಿದು ಹೋದರು. ಅಣ್ಣ ಮತ್ತೆ ಬರತೊಡಗಿದ್ದು ಆ ದಿನದಿಂದ.

ಉಳಿದದ್ದು ಕಾಗದದ ಕೆಲಸ. ದಿನವಿಡೀ ಪರರ ಕಡತ ನೋಡುವ ನಾವು ನಮ್ಮದನ್ನು ಹಿಡಿದು ಸಾಲಿನಲ್ಲಿ ನಿಂತೆವು. ತೀರಿಕೊಂಡವರ ಹೆಸರಿನಿಂದ ವಾರಸುದಾರರಿಗೆ ವರ್ಗಾಯಿಸಲು ನಮೂನೆ 31, ನೋಂದಣಿಯ ನವೀಕರಣಕ್ಕೆ ನಮೂನೆ 25. ಹದಿನೈದು ವರ್ಷ ಮೀರಿದ ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲಿನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತ್ತು. ತಡಮಾಡಿದ್ದಕ್ಕೆ ದಂಡ, ಪರಿಸರ ತೆರಿಗೆ, ವಿಮೆ ಬೇರೆ. ಐವತ್ತು ವರ್ಷ ತುಂಬಿದ ಗಾಡಿಗಳಿಗೆ 2021ರ ನಿಯಮದಂತೆ ವಿಂಟೇಜ್ ಎಂಬ ಗೌರವವುಂಟು. ನಮ್ಮದಕ್ಕೆ ಇನ್ನೂ ನಲವತ್ತು ತುಂಬಿರಲಿಲ್ಲ. ಹೊಸತೂ ಅಲ್ಲ, ಪ್ರಾಚೀನವೂ ಅಲ್ಲ, ಬರೀ ಹಳೆಯದು.

2024ರ ಏಪ್ರಿಲಿನ ಒಂದು ಭಾನುವಾರ ಬೆಳಿಗ್ಗೆ ಆಯಿ ಮುಂದಿನ ಸೀಟಿನಲ್ಲಿ ಕುಳಿತರು. ಅಣ್ಣ ಸಾರಥಿ. ಸ್ಟಿಯರಿಂಗಿನ ಪಕ್ಕದ ಗೇರಿನ ಹಿಡಿ ಮೊದಲನೆಯದರಿಂದ ಎರಡನೆಯದಕ್ಕೆ ಹೋಗುವಾಗ ಕರಕರ ಎನ್ನುತ್ತಿತ್ತು. ಎಷ್ಟು ಬುಶ್ ಬದಲಿಸಿದರೂ ಹೋಗದ ಆ ಶಬ್ದ ನಮಗೆ ನಾಚಿಕೆಯ ವಿಷಯ. ಆಯಿ ತಿರುಗಿ, "ಅವರು ಬದಲಿಸುವಾಗಲೂ ಹೀಗೇ ಕೇಳುತ್ತಿತ್ತು," ಎಂದರು. ಮುಂದೆ ಉಲ್ಲಾಸನಗರ ದಾಟುವವರೆಗೆ ಯಾರೂ ಮಾತನಾಡಲಿಲ್ಲ.

ಅಂಬರನಾಥನ ಗುಡಿ ಶಿಲಾಹಾರರ ಕಾಲದ್ದು. ಅಲ್ಲಿಯ ಶಾಸನದ ವರ್ಷ ಕ್ರಿ.ಶ. 1060. ಗರ್ಭಗುಡಿಗೆ ಮೆಟ್ಟಿಲಿಳಿದು ಹೋಗಬೇಕು. ಆಯಿಗೆ ಮಂಡಿನೋವು, ಮೇಲಿನಿಂದಲೇ ಕೈಮುಗಿದರು. ಹಿಂತಿರುಗುವಾಗ ಅಣ್ಣ ಮೆಲ್ಲಗೆ, "ಗುಜರಿಯವನಿಗೆ ಏನು ಹೇಳೋಣ?" ಎಂದ. ಆಯಿ ಕಿಟಕಿಯ ಹೊರಗೆ ನೋಡುತ್ತ, "ಕುಮಟೆಗೆ ಎಷ್ಟು ಪೆಟ್ರೋಲ್ ಬೇಕಾದೀತು?" ಎಂದು ಕೇಳಿದರು.

ನೋಂದಣಿ 2029ರವರೆಗೆ ಇದೆ. ಮಾರುವ ಮಾತನ್ನು ಇದುವರೆಗೆ ಯಾರೂ ಎತ್ತಿಲ್ಲ.