ಎಸ್ಸೆಸ್ಸೆಲ್ಸಿ ದಾಟಿ ಬಂದವರು

3 ಜುಲೈ 2025, ಗುರುವಾರ

ಫಸ್ಟ್ ಪಿಯು ಸೈನ್ಸ್‌ಗೆ ಇವತ್ತು ತ್ರಿಕೋನಮಿತಿ ಶುರು ಮಾಡಿದೆ. ಬೋರ್ಡಿನ ಮೇಲೆ ಸೈನ್ 120 ಡಿಗ್ರಿ ಎಂದು ಬರೆದು ಬೆಲೆ ಕೇಳಿದರೆ ಇಡೀ ಕ್ಲಾಸು ಗಪ್‌ಚಿಪ್. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ತೊಂಬತ್ತರ ಮೇಲೆ ತೆಗೆದ ಹುಡುಗಿಯೊಬ್ಬಳು ಎದ್ದು, "ಸರ್, ಲಂಬಕೋನ ತ್ರಿಭುಜದಲ್ಲಿ 120 ಡಿಗ್ರಿ ಬರೋದೇ ಇಲ್ವಲ್ಲ" ಅಂದಳು. ಅವಳು ಕಲಿತದ್ದಕ್ಕೆ ಆ ಪ್ರಶ್ನೆ ಸರಿಯಾಗಿಯೇ ಇತ್ತು. ಹತ್ತನೆಯ ಪುಸ್ತಕ ಲಘುಕೋನ ಬಿಟ್ಟು ಆಚೆ ಹೋಗುವುದಿಲ್ಲ. ನಮ್ಮದು ರೇಡಿಯನ್‌ನಿಂದಲೇ ಹೊರಡುತ್ತದೆ. ನಡುವಿನ ಹೆಜ್ಜೆ ಯಾರ ಪಾಲಿಗೂ ಸೇರಿಲ್ಲ.

ಸೂತ್ರಗಳನ್ನು ಬದಿಗಿಟ್ಟು ತ್ರಿಜ್ಯ 1 ಇರುವ ವೃತ್ತ ಬರೆಸಿದೆ. ಅದರೊಳಗೆ ಅವರಿಗೆ ಗೊತ್ತಿರುವ ತ್ರಿಭುಜವನ್ನೇ ಕೂರಿಸಿ, ವೃತ್ತದ ಮೇಲಿನ ಬಿಂದು ಎಡಕ್ಕೆ ಜರುಗಿದಂತೆ ಎತ್ತರ ಏನಾಗುತ್ತದೆ ನೋಡಿ ಅಂದೆ. 60ಕ್ಕೂ 120ಕ್ಕೂ ಎತ್ತರ ಒಂದೇ ಎಂದು ಮೊದಲು ಹಿಡಿದವಳು ಅದೇ ಹುಡುಗಿ. ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷಿನ ತೊಡಕು ಇದ್ದದ್ದೇ, ಆದರೆ ಇವತ್ತು ಅಡ್ಡ ಬಂದದ್ದು ಅದಲ್ಲ.

8 ಜುಲೈ, ಮಂಗಳವಾರ

ಫಿಸಿಕ್ಸ್ ಮೇಡಂ ತಲೆ ಚಚ್ಚಿಕೊಳ್ಳುತ್ತಿದ್ದರು. ಸರಳರೇಖೆಯ ಚಲನೆಗೇ ಡಿಫರೆನ್ಸಿಯೇಷನ್ ಬೇಕು. ಗಣಿತದಲ್ಲಿ ಅದು ಬರುವುದು ವರ್ಷದ ಕೊನೆಗೆ. ಲಿಮಿಟ್ಸನ್ನು ಈಗಲೇ ಸ್ವಲ್ಪ ಹೇಳಿಕೊಡುತ್ತೇನೆ ಅಂದೆ.

ಸಂಜೆ ಪಕ್ಕದ ಹೈಸ್ಕೂಲಿಗೆ ಹೋದೆ. ಗಣಿತದ ಮೇಷ್ಟ್ರು ನೇರವಾಗಿಯೇ ಹೇಳಿದರು: "ಜನವರಿ ಬಂತು ಅಂದ್ರೆ ಪಾಸಿಗೆ ಬೇಕಾದಷ್ಟೇ ಉರು ಹೊಡೆಸೋ ಪಾಸಿಂಗ್ ಪ್ಯಾಕೇಜು ಸರ್. ಸಾಧಿಸಿ ತೋರಿಸೋದು, ಯಾಕೆ ಅಂತ ಕೇಳೋದು, ಎಲ್ಲಾ ಬಂದ್." ರಿಸಲ್ಟ್ ಕಡಿಮೆಯಾದರೆ ನೋಟಿಸ್ ಬರುವುದು ಅವರಿಗೆ. ಒಂದೇ ಮಕ್ಕಳಿಗೆ ಪಾಠ ಮಾಡುವ ನಾವಿಬ್ಬರೂ ಕೂತು ಮಾತಾಡಿದ್ದು ಇದೇ ಮೊದಲು. ಹೀಗಿರಬಾರದು.

16 ಅಕ್ಟೋಬರ್, ಗುರುವಾರ

ಎಸ್ಸೆಸ್ಸೆಲ್ಸಿ ಪಾಸಾಗಲು ಇನ್ನು ಶೇಕಡಾ 33 ಸಾಕಂತೆ, 625ಕ್ಕೆ 206. ನನಗೆ ತಕರಾರಿಲ್ಲ. ಎರಡು ಅಂಕಕ್ಕಾಗಿ ಒಂದು ಮಗು ಐಟಿಐ ಬಾಗಿಲಲ್ಲೇ ನಿಲ್ಲುವುದು ಅನ್ಯಾಯ. ಆದರೆ 35 ಇದ್ದಾಗಲೂ ಆ ಅಂಕಪಟ್ಟಿ ಮಗುವಿಗೆ ಏನು ಬರುತ್ತದೆಂದು ಹೇಳುತ್ತಿರಲಿಲ್ಲ. ಕಳೆದ ವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದು ಪರೀಕ್ಷೆ ಬಿಗಿಯಾದಾಗ, 20 ಪರ್ಸೆಂಟ್ ಗ್ರೇಸ್ ಕೊಟ್ಟರೂ ಫಲಿತಾಂಶ 73.40ಕ್ಕೆ ಇಳಿದಿತ್ತು. ಅಂಕದ ಗೆರೆಯನ್ನು ಎತ್ತಲಿ, ಇಳಿಸಲಿ. ಕಾಲೇಜಿಗೆ ಬರುವ ಮಗುವಿಗೆ ಇಷ್ಟಾದರೂ ತಾನೇ ಮಾಡಲು ಬರಬೇಕು ಎಂದು ಹೈಸ್ಕೂಲಿನವರೂ ಪಿಯುನವರೂ ಒಟ್ಟಿಗೆ ಕೂತು ಬರೆದುಕೊಳ್ಳಬೇಕು. ಪ್ರಶ್ನೆಪತ್ರಿಕೆಯೂ ಅದನ್ನೇ ಕೇಳಬೇಕು.

ಪ್ರಿನ್ಸಿಪಾಲರು ಒಪ್ಪಿದ್ದಾರೆ. ನವೆಂಬರಿನಿಂದ ಶನಿವಾರಗಳಂದು ನಾನು ಪಕ್ಕದ ಹೈಸ್ಕೂಲಿನ ಹತ್ತನೇ ತರಗತಿಗೆ, ಅಲ್ಲಿನ ಗಣಿತದ ಮೇಷ್ಟ್ರು ನನ್ನ ಕ್ಲಾಸಿಗೆ. ನಾನು ಶುರು ಮಾಡುವುದು ಅಪವರ್ತನದಿಂದ.