ಕಾಗಿಣೆಯ ದಡದಿಂದ ಚಿತ್ತೋರಗಢಕ್ಕೆ

ಹುಟ್ಟಿದ ಊರಿನಲ್ಲಿಯೇ ಬೆಳೆದು, ಅಲ್ಲಿಯೇ ದುಡಿದು, ಕೊನೆಗೆ ಅಲ್ಲಿಯ ಮಣ್ಣಿನಲ್ಲಿಯೇ ಒಂದಾಗುವ ಬದುಕು ದಿನದಿಂದ ದಿನಕ್ಕೆ ವಿರಳವಾಗುತ್ತಿದೆ. ಉದ್ಯೋಗದ ನಿಮಿತ್ತ ದೂರದ ನಾಡಿಗೆ ಹೊರಟ ಕುಟುಂಬಗಳು ಮಠಕ್ಕೆ ಬಂದು, ಗದ್ದುಗೆಗೆ ಹಣೆಮಣಿದು ಹೋಗುವುದು ಈಗ ಸಾಮಾನ್ಯವಾದ ದೃಶ್ಯ. ಹಾಗೆ ಹೊರಟವರ ಮನದಲ್ಲಿ ಹರ್ಷದ ಜೊತೆಗೆ ಅಳುಕೂ ಇರುತ್ತದೆ. ಊರು ಬಿಟ್ಟ ಮೇಲೆ ಆಚಾರ ಉಳಿದೀತೇ? ಮಕ್ಕಳ ನಾಲಗೆಯಲ್ಲಿ ಕನ್ನಡ ಉಳಿದೀತೇ? ಹಿರಿಯರನ್ನು ಬಿಟ್ಟು ಹೋಗುವುದು ಧರ್ಮವೇ? ಸೇಡಂ ಸೀಮೆಯ ಒಂದು ಸದ್ಭಕ್ತ ಕುಟುಂಬವು ಈ ಪ್ರಶ್ನೆಗಳನ್ನು ಎದುರಿಸಿದ ಬಗೆ ಎಲ್ಲರೂ ತಿಳಿಯತಕ್ಕದ್ದಾಗಿದೆ. ಆ ಮನೆಯವರ ಹೆಸರು ಇಲ್ಲಿ ಮುಖ್ಯವಲ್ಲ.

ಊರು ಬಿಡುವುದು ಶರಣರಿಗೆ ಹೊಸತಾಗಿರಲಿಲ್ಲ ಎಂಬುದನ್ನು ಮೊದಲು ನೆನೆಯಬೇಕು. ಬಾಗೇವಾಡಿಯಲ್ಲಿ ಜನಿಸಿದ ಬಸವಣ್ಣನವರು ಕೂಡಲಸಂಗಮದಲ್ಲಿ ಬೆಳೆದು, ಮಂಗಳವಾಡದಲ್ಲಿ ಬಿಜ್ಜಳನ ಕರಣಿಕರಾಗಿ, ಬಳಿಕ ಕಲ್ಯಾಣಕ್ಕೆ ಬಂದರು. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದು ಉದ್ಯೋಗಕ್ಕಾಗಿ ಕೈಗೊಂಡ ಸ್ಥಳಾಂತರವೇ ಆಗಿದೆ. ಕಲ್ಯಾಣದ ಮಹಾಮನೆಯನ್ನು ಅವರೊಬ್ಬರೇ ಕಟ್ಟಲಿಲ್ಲ. ಅಕ್ಕನಾಗಮ್ಮ, ಆಕೆಯ ಮಗ ಚೆನ್ನಬಸವಣ್ಣ, ಗಂಗಾಂಬಿಕೆ, ನೀಲಾಂಬಿಕೆ ಇವರೆಲ್ಲರ ದುಡಿಮೆ ಅದರಲ್ಲಿ ಕೂಡಿತ್ತು. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸುತನವನ್ನು ತೊರೆದು, ಪತ್ನಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದು, ಸೌದೆಯ ಹೊರೆ ಮಾರುವ ಕಾಯಕವನ್ನು ಕೈಗೊಂಡರೆಂದು ಪರಂಪರೆ ಹೇಳುತ್ತದೆ. ಪ್ರತಿ ವರ್ಷ ನಾವು ಈ ಕಥೆಗಳನ್ನು ಕೇಳುತ್ತೇವೆ. ಆದರೆ ಹೊರಟ ದಿನ ಆ ಮನೆಗಳಲ್ಲಿ ಏನೇನು ಮಾತು ನಡೆದಿರಬಹುದೆಂದು ಯೋಚಿಸುವುದಿಲ್ಲ.

ಸೇಡಂ ಸೀಮೆಯ ಈ ಕುಟುಂಬವು ಮಳಖೇಡದ ಸಮೀಪದ್ದು. ಕಾಗಿಣಾ ನದಿಯ ದಡದ ಈ ಊರು ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗವು ರಚಿತವಾದದ್ದು 9ನೆಯ ಶತಮಾನದಲ್ಲಿ. ಇಂದು ಅಲ್ಲಿ ಉಳಿದಿರುವುದು ಶಿಥಿಲವಾದ ಕೋಟೆ. ಸುತ್ತಲಿನ ನೆಲದಲ್ಲಿ ಸುಣ್ಣದ ಕಲ್ಲು ಹೇರಳವಾಗಿರುವುದರಿಂದ ಈ ಸೀಮೆಯಲ್ಲಿ ಸಿಮೆಂಟ್ ಕಾರ್ಖಾನೆಗಳು ಬೆಳೆದಿವೆ. ಮನೆಯ ಯಜಮಾನನು ಅಂಥದೊಂದು ಕಾರ್ಖಾನೆಯಲ್ಲಿ ಹತ್ತು ವರ್ಷ ಗುತ್ತಿಗೆಯ ಮೇಲೆ ದುಡಿದವನು. ಸುಣ್ಣದ ಕಲ್ಲಿನ ಪುಡಿಯನ್ನು ಸುಮಾರು 1450 ಡಿಗ್ರಿ ಉಷ್ಣತೆಯಲ್ಲಿ ಸುಡುವ, ತಿರುಗುವ ದೊಡ್ಡ ಕೊಳವೆಯಂಥ ಗೂಡನ್ನು ಹಗಲು ರಾತ್ರಿ ಕಾಯುವುದು ಅವನ ಕೆಲಸ. ಒಮ್ಮೆ ಹೊತ್ತಿಸಿದ ಗೂಡನ್ನು ಬೇಕೆಂದಾಗ ಆರಿಸಲಾಗದು. ಆದ್ದರಿಂದ ಹಬ್ಬವಿರಲಿ, ಹುಣ್ಣಿಮೆಯಿರಲಿ, ಪಾಳಿ ತಪ್ಪುವಂತಿರಲಿಲ್ಲ. ಇಷ್ಟು ದುಡಿದರೂ ನೌಕರಿ ಕಾಯಂ ಆಗಲಿಲ್ಲ.

ಒಂದು ದಸರೆಯ ಸುಮಾರಿಗೆ ರಾಜಸ್ಥಾನದ ಚಿತ್ತೋರಗಢ ಜಿಲ್ಲೆಯ ಒಂದು ಕಾರ್ಖಾನೆಯಿಂದ ಅವನಿಗೆ ಕರೆ ಬಂದಿತು. ಕಾಯಂ ನೌಕರಿ, ಹೆಚ್ಚಿನ ಸಂಬಳ, ವಾಸಕ್ಕೆ ಕ್ವಾರ್ಟರ್ಸ್. ತಿಂಗಳೊಳಗೆ ಹಾಜರಾಗಬೇಕು. ಆಗ ಅವನ ಪತ್ನಿಗೆ ಎಂಟು ತಿಂಗಳು. ಆರು ವರ್ಷದ ಹಿರಿಯ ಮಗಳು ಊರಿನ ಕನ್ನಡ ಶಾಲೆಯಲ್ಲಿ ಒಂದನೆಯ ತರಗತಿ. ತಾಯಿಗೆ ಎಪ್ಪತ್ತು ದಾಟಿತ್ತು. ತಂದೆ ಲಿಂಗೈಕ್ಯರಾಗಿ ನಾಲ್ಕು ವರ್ಷವಾಗಿತ್ತು. ಅವರ ಸಮಾಧಿ ಹೊಲದ ಬೇವಿನ ಮರದ ಬುಡದಲ್ಲಿದೆ.

ಸುದ್ದಿ ತಿಳಿದ ರಾತ್ರಿ ತಾಯಿ ಊಟ ಮಾಡಲಿಲ್ಲ. "ಗುಳೆ ಹೋಗೋ ಮಂದಿ ಹಂಗ ನಾವೂ ಗಂಟು ಕಟ್ಟಬೇಕೇನಪಾ? ನೀವು ಹೋಗ್ರಿ. ನಾ ಇಲ್ಲೇ ಇರ್ತೀನಿ. ನಿಮ್ಮಪ್ಪನ ಗದ್ದಿಗಿ ಮುಂದ ದೀಪ ಹಚ್ಚೋರು ಯಾರು?" ಎಂದರು. ಈ ಸೀಮೆಯಲ್ಲಿ ಬರಗಾಲ ಬಂದಾಗ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಗುಳೆ ಹೋದವರನ್ನು ಅವರು ಕಣ್ಣಾರೆ ಕಂಡವರು. ಬೀಗ ಹಾಕಿದ ಮನೆಗಳ ಭಯ ಅವರಿಗೆ ಗೊತ್ತಿತ್ತು.

ಸೊಸೆಯ ಸಂಕಟ ಬೇರೆಯಾಗಿತ್ತು. ಆಕೆ ಡಿ.ಎಡ್. ಓದಿದವಳು. ಪಕ್ಕದ ಊರಿನ ಸರಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದಳು. ಗೌರವಧನ ಅಲ್ಪವಾದರೂ ಅದು ಆಕೆಯ ಸ್ವಂತ ದುಡಿಮೆ. ಪತಿ ಹೊಸ ನೌಕರಿಯ ಪತ್ರವನ್ನು ತೋರಿಸಿದಾಗ ಆಕೆ ಬೇಡವೆನ್ನಲಿಲ್ಲ. "ನಿಮಗ ಕೆಲಸ ಸಿಕ್ಕತು. ನನ್ನ ಕೆಲಸ ಹೋತು. ಎರಡೂ ಒಂದೇ ದಿನ ಆಗ್ಯಾವ. ಅದನ್ನಷ್ಟು ನೆನಪಿಡ್ರಿ" ಎಂದಳು.

ಈ ಮಾತನ್ನು ಕುರಿತು ಸದ್ಭಕ್ತರು ಚಿಂತಿಸಬೇಕು. ಕಾಯಕವೇ ಶ್ರೇಷ್ಠವೆಂದು ಸಾರುವ ನಾವು ಯಾರ ಕಾಯಕವನ್ನು ಎಣಿಕೆಗೆ ತರುತ್ತೇವೆ? ಸಂಬಳದ ಚೀಟಿ ಬರುವ ಕಾಯಕ ಎಲ್ಲರ ಕಣ್ಣಿಗೂ ಕಾಣುತ್ತದೆ. ಅದಕ್ಕಾಗಿ ಮನೆ ಎತ್ತುವಾಗ ಮತ್ತೊಬ್ಬರು ಬಿಟ್ಟುಕೊಟ್ಟ ಕಾಯಕ ಕಾಣುವುದಿಲ್ಲ. ಶರಣರು ಹೀಗೆ ಭಾವಿಸಿರಲಿಲ್ಲ. ಆಯ್ದಕ್ಕಿ ಮಾರಯ್ಯನವರು ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಅದನ್ನು ಮರಳಿ ಸುರಿದು ಬರಲು ಹೇಳಿದವಳು ಪತ್ನಿ ಲಕ್ಕಮ್ಮ. ಆಕೆಯ ಮಾತಿಗೆ ಆ ಮನೆಯಲ್ಲಿ ಗುರುವಿನ ಮಾತಿನ ತೂಕವಿತ್ತು. ಮೋಳಿಗೆಯ ಮಹಾದೇವಿ ಗಂಡನ ಹಿಂದೆ ಸುಮ್ಮನೆ ನಡೆದು ಬಂದವಳಲ್ಲ. ಸ್ವತಃ ವಚನಕಾರ್ತಿಯಾಗಿ, ಪತಿಯ ಅರಿವನ್ನು ತಿದ್ದಿದವಳು. ದಾಂಪತ್ಯವೆಂದರೆ ಒಬ್ಬರ ಗಾಡಿಗೆ ಇನ್ನೊಬ್ಬರು ಕಟ್ಟಿದ ಗಂಟು ಅಲ್ಲ.

ಪತಿ ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ತಾನು ಮೊದಲು ಒಬ್ಬನೇ ಹೋಗುವುದು, ಹೆರಿಗೆ ಊರಿನಲ್ಲಿಯೇ ಆಗುವುದು, ಮಗಳ ಪರೀಕ್ಷೆ ಮುಗಿಯುವವರೆಗೆ ಉಳಿದವರು ಇಲ್ಲಿಯೇ ಇರುವುದು, ಪತ್ನಿ ಅಲ್ಲಿಯವರೆಗೆ ಆದಷ್ಟು ದಿನ ಶಾಲೆಗೆ ಹೋಗುವುದು ಎಂದು ಇಬ್ಬರೂ ಕೂಡಿ ನಿಶ್ಚಯಿಸಿದರು. ನವೆಂಬರಿನಲ್ಲಿ ಗಂಡುಮಗು ಜನಿಸಿತು. ತಂದೆ ಮೂರು ದಿನದ ರಜೆಯ ಮೇಲೆ ಬಂದು, ಮಗುವಿನ ಮುಖ ನೋಡಿ ಮರಳಿದನು. ಮುಂದೆ ತೊಟ್ಟಿಲು ಕಾರ್ಯದಲ್ಲಿ, ಲಿಂಗಧಾರಣೆಯಲ್ಲಿ ಅವನಿರಲಿಲ್ಲ. ಅದು ಆ ಮನೆ ತೆತ್ತ ಬೆಲೆ. ಯಾವ ಸಂಬಳವೂ ಅದನ್ನು ತುಂಬಿಕೊಡದು.

ಎಳ್ಳಮಾವಾಸ್ಯೆಯ ದಿನ ತಾಯಿ, ಸೊಸೆ, ಮೊಮ್ಮಗಳು ಸಜ್ಜೆರೊಟ್ಟಿ, ಭಜ್ಜಿಯ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿದರು. ತೊಗರಿ ಕೊಯ್ಲಿಗೆ ಬಂದಿತ್ತು. ಬೇವಿನ ಮರದಡಿಯ ಸಮಾಧಿಯ ಮುಂದೆ ಕುಳಿತಾಗ ಸೊಸೆ ಅತ್ತೆಯನ್ನು ಒತ್ತಾಯಿಸಲಿಲ್ಲ. ಒಂದು ಪ್ರಶ್ನೆ ಮಾತ್ರ ಕೇಳಿದಳು. "ಅತ್ತಿ, ನೀವು ಲಗ್ನ ಆಗಿ ಈ ಊರಿಗೆ ಬಂದಾಗ ತವರಿನಿಂದ ಏನೇನು ತಂದಿದ್ರಿ?"

ಹದಿನಾರನೆಯ ವಯಸ್ಸಿನಲ್ಲಿ ಕಾಗಿಣೆಯ ಆಚೆಯ ದಡದಿಂದ ಬಂದವರು ಆ ತಾಯಿ. ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: "ಏನ್ ತಂದಿದ್ದೆವ್ವಾ. ಎದಿ ಮ್ಯಾಲ ಲಿಂಗ ಇತ್ತು. ಎರಡು ಸೀರಿ ಇದ್ದವು. ನಮ್ಮವ್ವ ಕೊಟ್ಟ ಒಂದು ಉಪ್ಪಿನಕಾಯಿ ಭರಣಿ ಇತ್ತು. ಆರು ತಿಂಗಳು ದಿನಾ ಅಳ್ತಿದ್ದೆ. ಆಮ್ಯಾಲ ಎಲ್ಲಾ ಇಲ್ಲೇ ಮಾಡಿಕೊಂಡೆ."

2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಊರು ಬದಲಿಸಿ ನೆಲೆಸಿದವರ ಸಂಖ್ಯೆ 45 ಕೋಟಿಯನ್ನು ಮೀರುತ್ತದೆ. ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಅವರು ಊರು ಬಿಡಲು ಮುಖ್ಯ ಕಾರಣ ಮದುವೆ. ಗಂಡಸು ನೌಕರಿಗಾಗಿ ಊರು ಬಿಟ್ಟಾಗ ಅದನ್ನು ದೊಡ್ಡ ಸಾಹಸವೆನ್ನುತ್ತೇವೆ. ಅದೇ ಮನೆಯ ಹೆಣ್ಣುಮಕ್ಕಳು ಆ ಸಾಹಸವನ್ನು ಮೊದಲೇ ಒಮ್ಮೆ ಮಾಡಿದವರೆಂಬುದನ್ನು ಮರೆಯುತ್ತೇವೆ. ಊರು ಬಿಡುವ ಕಷ್ಟವನ್ನೂ, ಹೊಸ ನೆಲದಲ್ಲಿ ಬೇರೂರುವ ಬಗೆಯನ್ನೂ ಆ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಆ ತಾಯಿಯೇ ಆಗಿದ್ದರು.

ಕೆಲವು ದಿನಗಳ ಬಳಿಕ ಅವರೇ ಮಾತು ತೆಗೆದರು. ಯುಗಾದಿಯ ತರುವಾಯ ಜೊತೆಯಲ್ಲಿ ಬರುವೆನೆಂದೂ, ಮುಂಗಾರು ಬಿತ್ತನೆಗೆ ಮರಳುವೆನೆಂದೂ ಹೇಳಿದರು. ಹೊಲವನ್ನು ಮೈದುನನ ಮಗನಿಗೆ ಪಾಲಿಗೆ ಕೊಟ್ಟರು. ಸಮಾಧಿಗೆ ದೀಪ ಹಚ್ಚುವ ಹೊಣೆಯನ್ನೂ ಅವನಿಗೇ ಒಪ್ಪಿಸಿದರು. ಮಗುವಿನ ಆರು, ಹತ್ತು, ಹದಿನಾಲ್ಕನೆಯ ವಾರಗಳ ಚುಚ್ಚುಮದ್ದು ಮುಗಿದಿದ್ದವು. ಮಗಳ ವರ್ಗಾವಣೆ ಪತ್ರ, ಮಗುವಿನ ಜನನ ಪತ್ರ, ತಾಯಿ ಕಾರ್ಡು, ಪಡಿತರ ಚೀಟಿ ಒಂದು ಚೀಲದಲ್ಲಿ ಸೇರಿದವು. ಇನ್ನೊಂದು ಚೀಲದಲ್ಲಿ ರೊಟ್ಟಿಯ ಹಂಚು, ಶೇಂಗಾ ಹಿಂಡಿ, ಮನೆಯ ತೊಗರಿ, ಒಂದು ವಚನ ಪುಸ್ತಕ. ಬೇವು ಬೆಲ್ಲ ತಿಂದ ನಾಲ್ಕನೆಯ ದಿನ, ಕರೆದೊಯ್ಯಲು ಬಂದ ಯಜಮಾನನೊಡನೆ ಎಲ್ಲರೂ ಕಲಬುರಗಿಯಲ್ಲಿ ರೈಲು ಹತ್ತಿದರು.

ಮುಂಬಯಿಯಲ್ಲಿ ಗಾಡಿ ಬದಲಿಸಿ ಸಾಗುವ ದೀರ್ಘ ಪಯಣವದು. ಸೊಲ್ಲಾಪುರ ಬಂದಾಗ ತಾಯಿ ಕುಳಿತಲ್ಲಿಂದಲೇ ಸಿದ್ಧರಾಮೇಶ್ವರರಿಗೆ ಕೈಮುಗಿದರು. ಕೆರೆ ಕಟ್ಟಿಸಿದ ಆ ಕರ್ಮಯೋಗಿಯೂ ಸೊನ್ನಲಿಗೆಯನ್ನು ಬಿಟ್ಟು ಕಲ್ಯಾಣಕ್ಕೆ ನಡೆದು ಬಂದವರೇ. ಮೊಮ್ಮಗಳು ಕಿಟಕಿಯ ಬಳಿ ಕುಳಿತು ಹೊಳೆಗಳನ್ನು ಎಣಿಸಿದಳು. ಸೊಲ್ಲಾಪುರ ದಾಟಿದ ಮೇಲೆ ಭೀಮೆ, ಸೂರತ್ತಿನಲ್ಲಿ ತಾಪಿ, ಭರೂಚದ ಬಳಿ ನರ್ಮದೆ, ರತಲಾಮಿಗೆ ಮುನ್ನ ಮಹಿ. ಪ್ರತಿ ಹೊಳೆಗೂ "ಆಯಿ, ಇದು ನಮ್ಮ ಕಾಗಿಣಾ ಏನ?" ಎಂದು ಕೇಳಿದಳು. ಮೊದಲೆರಡು ಸಲ ಅಜ್ಜಿ ಅಲ್ಲವೆಂದರು. ನರ್ಮದೆಯ ಬಳಿಗೆ ಬಂದಾಗ, "ಅದರ ಅಕ್ಕ ಅನ್ನು, ನಡೀತದ" ಎಂದರು.

ಹೊಸ ಊರಿನಲ್ಲಿ ಎಲ್ಲವೂ ಸುಖವಾಗಿತ್ತೆಂದು ಹೇಳಿದರೆ ಅದು ಸತ್ಯವಾಗದು. ಮೇ ತಿಂಗಳ ಬಿಸಿಲು ಕಲಬುರಗಿಯವರಿಗೆ ಹೊಸತಲ್ಲ, ಆದರೆ ಮಾತು ಹೊಸತು. ಮೇವಾಡಿ ಬೆರೆತ ಹಿಂದಿ ಸೊಸೆಗೆ ಅರ್ಧ ತಿಳಿಯುತ್ತಿತ್ತು, ಅತ್ತೆಗೆ ಏನೂ ತಿಳಿಯುತ್ತಿರಲಿಲ್ಲ. ಮಗಳು ಹಿಂದಿ ಮಾಧ್ಯಮದ ಶಾಲೆಯಿಂದ ಮೊದಲ ವಾರ ದಿನಾ ಅಳುತ್ತ ಬಂದಳು. ಕನ್ನಡದ ಅ ಆ ಇ ಈ ಬರೆಯಬಲ್ಲ ಮಗು ಅಲ್ಲಿ ಏನೂ ಬಾರದ ಮಗುವಾಗಿ ಕುಳಿತಿತ್ತು. ಕರ್ನಾಟಕದಲ್ಲಿ ಪಡೆದ ಶಿಕ್ಷಕಿಯ ಅನುಭವಕ್ಕೆ ತಾಯಿಗೂ ಅಲ್ಲಿ ಬೆಲೆ ದೊರೆಯಲಿಲ್ಲ. ಆಕೆಯ ನೌಕರಿ ಇಂದಿಗೂ ಮರಳಿಲ್ಲ.

ಆದರೂ ಆಕೆ ಕೈಕಟ್ಟಿ ಕೂಡಲಿಲ್ಲ. ಆ ಕಾಲೊನಿಯಲ್ಲಿ ಕನ್ನಡ ಮಾತನಾಡುವ ಇನ್ನೂ ಎರಡು ಮನೆಗಳಿದ್ದವು. ಸಂಜೆ ಆ ಮಕ್ಕಳನ್ನೂ ಮಗಳನ್ನೂ ಕೂಡಿಸಿ ಕನ್ನಡ ಅಕ್ಷರ ಕಲಿಸತೊಡಗಿದಳು. ಕೊನೆಯಲ್ಲಿ ಅಜ್ಜಿ ಒಂದು ವಚನ ಹೇಳಿಕೊಡುವರು. ಆ ಹೊತ್ತಿನಲ್ಲಿ ಮಗುವನ್ನು ಆಡಿಸುವುದು, ಪಾಳಿ ಇಲ್ಲದ ದಿನ ಅಡುಗೆ ಮಾಡುವುದು ಯಜಮಾನನ ಪಾಲಿಗೆ ಬಂದಿತು. "ಒಂದೇ ದಿನ ಎರಡೂ ಆಗ್ಯಾವ" ಎಂಬ ಮಾತನ್ನು ಅವನು ನೆನಪಿಟ್ಟದ್ದು ಹೀಗೆ. ಮಗ ಬೇಯಿಸಿದ ಬೇಳೆಯನ್ನು ತಾಯಿ ಮೊದಲ ದಿನ ಮುಜುಗರದಿಂದ ಉಂಡರು. ಬರಬರುತ್ತ ಉಪ್ಪು ಹೆಚ್ಚಾಯಿತೆಂದು ತಿದ್ದತೊಡಗಿದರು.

ಒಂದು ರವಿವಾರ ಅವರೆಲ್ಲ ಚಿತ್ತೋರದ ಕೋಟೆಗೆ ಹೋದರು. ಅಲ್ಲಿ ಮೀರಾಬಾಯಿಯ ಹೆಸರಿನ ಗುಡಿಯಿದೆ. 16ನೆಯ ಶತಮಾನದಲ್ಲಿ ಮೇವಾಡದ ಅರಸುಮನೆಯ ಸೊಸೆಯಾಗಿ ಬಂದು, ಅರಮನೆಯನ್ನು ತೊರೆದು, ಹಾಡುತ್ತ ನಡೆದುಹೋದವಳೆಂದು ಸೊಸೆ ವಿವರಿಸಿದಾಗ ತಾಯಿ, "ಹಂಗಾರ ಇಕಿ ನಮ್ಮ ಅಕ್ಕನ ತಂಗಿ" ಎಂದರು. ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ನಡೆದ ಅಕ್ಕಮಹಾದೇವಿಯನ್ನು ಅವರು ಆ ಪರನಾಡಿನ ಗುಡ್ಡದ ಮೇಲೆ ಕಂಡರು. ಅಂದಿನಿಂದ ಚಿತ್ತೋರ ಅವರಿಗೆ ಅಪರಿಚಿತ ಊರಾಗಿ ಉಳಿಯಲಿಲ್ಲ.

ಹೇಳಿದಂತೆ ಅವರು ಜೂನ್ ತಿಂಗಳಲ್ಲಿ ಬಿತ್ತನೆಗೆ ಊರಿಗೆ ಮರಳಿದರು. ಎಳ್ಳಮಾವಾಸ್ಯೆ ಮುಗಿಸಿ ಮತ್ತೆ ಹೊರಡುವುದೆಂದು ಈಗ ಗೊತ್ತುಮಾಡಿದ್ದಾರೆ. ಬೇವಿನ ಮರದಡಿಯ ದೀಪ ಆರಿಲ್ಲ, ಚಿತ್ತೋರದ ಕ್ವಾರ್ಟರ್ಸಿನಲ್ಲಿ ಮತ್ತೊಂದು ದೀಪ ಹೊತ್ತಿದೆ. ಸ್ಥಾವರ ಜಂಗಮಗಳ ವಿಚಾರವನ್ನು ಪುಸ್ತಕದಲ್ಲಿ ಓದುವ ನಮಗೆ ಆ ತಾಯಿಯ ನಡೆ ಒಂದು ವ್ಯಾಖ್ಯಾನದಂತಿದೆ. ಮಾನ್ಯಖೇಟದ ಕೋಟೆ ಅಲುಗದೆ ನಿಂತಲ್ಲಿಯೇ ಶಿಥಿಲವಾಯಿತು. ಕಲ್ಯಾಣ ಕದಡಿದಾಗ ವಚನಗಳ ಕಟ್ಟು ಹೊತ್ತು ಚೆನ್ನಬಸವಣ್ಣನವರೊಡನೆ ಉಳವಿಯತ್ತ ನಡೆದವರಿಂದ ಶರಣರ ನುಡಿ ಉಳಿಯಿತು.

ಆದ್ದರಿಂದ ದೂರದ ನಾಡಿಗೆ ಹೊರಡುವ ಸದ್ಭಕ್ತರು ಅಳುಕಬೇಕಾಗಿಲ್ಲ. ಇಷ್ಟಲಿಂಗವನ್ನು ಎದೆಯ ಮೇಲೆ ಧರಿಸಿದವರಿಗೆ ಗುಡಿಯಿರುವ ಊರೇ ಬೇಕೆಂಬ ನಿರ್ಬಂಧವಿಲ್ಲ. ಆದರೆ ಗಂಟು ಕಟ್ಟುವ ಮುನ್ನ ಮನೆಯವರೆಲ್ಲ ಕೂಡಿ ಕುಳಿತು, ಈ ಪಯಣದಲ್ಲಿ ಯಾರು ಏನನ್ನು ಪಡೆಯುತ್ತಾರೆ, ಯಾರು ಏನನ್ನು ಬಿಟ್ಟುಕೊಡುತ್ತಾರೆ ಎಂಬುದನ್ನು ಬಾಯಿಬಿಟ್ಟು ಆಡಬೇಕು. ಬಿಟ್ಟುಕೊಟ್ಟವರ ಋಣವನ್ನು ಹೊಸ ಊರಿನಲ್ಲಿ ದಿನದಿನದ ದುಡಿಮೆಯಿಂದ ತೀರಿಸಬೇಕು. ಅದೂ ದಾಸೋಹವೇ ಆಗಿದೆ.