ಪಾತಿಯಲ್ಲಿ ಏಳು ದಿನ

ಮೀನು ಹಿಡಿಯುವುದಕ್ಕೂ ಪರೀಕ್ಷೆಗೆ ಕೂಡುವುದಕ್ಕೂ ಬಹಳ ಹೋಲಿಕೆಯುಂಟು. ಎರಡರಲ್ಲಿಯೂ ಸಿದ್ಧತೆ ನಮ್ಮದು, ಫಲ ಕಣ್ಣಿಗೆ ಕಾಣದವರದು. ಎರಡಕ್ಕೂ ನಸುಕಿನಲ್ಲಿ ಏಳಬೇಕು, ಎರಡನ್ನೂ ಮುಗಿಸಿ ಮನೆಗೆ ಬಂದೊಡನೆ "ಹೇಗಾಯಿತು?" ಎಂದು ಕೇಳುವವರಿಗೆ ಉತ್ತರ ಹೇಳಬೇಕು. ವ್ಯತ್ಯಾಸ ಒಂದೇ: ಪರೀಕ್ಷೆಯಲ್ಲಿ ಕೈತಪ್ಪಿ ಹೋದದ್ದು ಎಷ್ಟು ದೊಡ್ಡದಾಗಿದ್ದಿತೆಂದು ಯಾರೂ ಕೈಯಗಲಿಸಿ ತೋರಿಸುವುದಿಲ್ಲ.

ನಾನು ಘಟ್ಟದ ಮೇಲಿನವನು. ನಮ್ಮ ಮನೆಯಲ್ಲಿ ಮೀನೆಂದರೆ ಅವತಾರಗಳಲ್ಲಿ ಮೊದಲನೆಯದು, ರಾಶಿಗಳಲ್ಲಿ ಕೊನೆಯದು, ಅಷ್ಟೇ. ಅಂತಹ ನಾನು ಬೇಸಿಗೆಯ ರಜೆಯಲ್ಲಿ ಒಂದು ವಾರ ಅಘನಾಶಿನಿಯ ಅಳಿವೆಯಲ್ಲಿ ಮೀನು ಹಿಡಿಯಲು ಹೋದದ್ದು ಗೆಳೆತನದ ಸಲುವಾಗಿ. ನನ್ನ ಬೆಂಚಿನ ಗೆಳೆಯನ ಮನೆ ಮಿರ್ಜಾನಕ್ಕೂ ತದಡಿಗೂ ನಡುವೆ, ಹೊಳೆಯ ದಂಡೆಯ ಮೇಲಿದೆ. ಅವನ ತಂದೆ ಯಂತ್ರದ ಬೋಟಿನಲ್ಲಿ ದುಡಿಯುವವರು. ಫಾಲ್ಗುಣದಲ್ಲಿ ಬಲೆಯ ಹಗ್ಗಕ್ಕೆ ಸಿಕ್ಕಿ ಅವರ ಬಲಗೈಯ ಎರಡು ಬೆರಳು ಜಜ್ಜಿದ್ದವು. ದುಡಿಮೆ ನಿಂತಿದ್ದಿತು. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ಬೋಟುಗಳಿಗೆ ಹೇಗೂ ನಿಷೇಧ. ಅದು ಮುಗಿದೊಡನೆ ತಂದೆಯ ಜಾಗಕ್ಕೆ ಮಗನೇ ಬರಲಿ, ಬೇಕಿದ್ದರೆ ಮುಂಗಡ ಈಗಲೇ ಕೊಡುತ್ತೇನೆಂದು ಬೋಟಿನ ಸಾಹುಕಾರರು ಹೇಳಿ ಕಳುಹಿಸಿದ್ದರು. ಮುಂಗಡ ಹಿಡಿದರೆ ಕಾಲೇಜು ಬಿಟ್ಟಂತೆಯೇ ಸರಿ.

ಆಗ ಅಜ್ಜ ನಡುವೆ ಬಾಯಿ ಹಾಕಿದರಂತೆ: "ಪಾತಿ ಉಂಟು, ಬಲೆ ಉಂಟು. ಒಂದು ವಾರ ನೋಡುವಾ. ಆಮೇಲೆ ಮುಂಗಡದ ಮಾತು."

ಕಾಲೇಜಿನ ಶುಲ್ಕ, ಬಸ್ಸಿನ ಪಾಸು, ಪುಸ್ತಕ ಎಲ್ಲ ಸೇರಿ ಗೆಳೆಯನಿಗೆ ಬೇಕಾದದ್ದು 5,500 ರೂಪಾಯಿ. ಆ ವಾರಕ್ಕೆ ಪಾತಿಯಲ್ಲಿ ಎರಡನೆಯ ಹುಟ್ಟು ಹಾಕುವ ಆಳಾಗಿ ನಾನು ಸೇರಿಕೊಂಡೆ.

ಮೊದಲು ಹೊಳೆಯ ವಿಷಯ ಹೇಳಬೇಕು. ಅಘನಾಶಿನಿ ಶಿರಸಿಯ ಕಡೆ ಹುಟ್ಟಿ, ಘಟ್ಟವನ್ನು ಉಂಚಳ್ಳಿಯಲ್ಲಿ ಧುಮುಕಿ, ಕುಮಟೆಯ ಬಯಲಿಗೆ ಬಂದು, ತದಡಿ ಮತ್ತು ಅಘನಾಶಿನಿ ಎಂಬ ಊರುಗಳ ನಡುವೆ ಸಮುದ್ರವನ್ನು ಸೇರುತ್ತದೆ. ದಾರಿಯಲ್ಲಿ ಇದಕ್ಕೆ ದೊಡ್ಡ ಅಣೆಕಟ್ಟಿಲ್ಲ. ನೆರೆಯ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿಯ ಕಟ್ಟೆ ಆದ ಮೇಲೆ ವಿದ್ಯುದಾಗಾರದಿಂದ ವರ್ಷವಿಡೀ ಸಿಹಿನೀರು ಇಳಿದು, ಅದರ ಅಳಿವೆಯ ಉಪ್ಪು ತಗ್ಗಿ, ಉಪ್ಪುನೀರನ್ನು ನಂಬಿದ ಮೀನು ಚಿಪ್ಪುಗಳು ಕಡಿಮೆಯಾದವು. ಇಲ್ಲಿ ಹಾಗಾಗಿಲ್ಲ. ಮಳೆಗಾಲದಲ್ಲಿ ಸಿಹಿ, ಬೇಸಿಗೆಯಲ್ಲಿ ಉಪ್ಪು; ಹೊಳೆಯು ಋತುಮಾನಕ್ಕೆ ತಕ್ಕಂತೆ ರುಚಿ ಬದಲಿಸುತ್ತದೆ. ದಂಡೆಯುದ್ದಕ್ಕೂ ಕಾಂಡ್ಲಾ ಗಿಡಗಳು, ಅವುಗಳ ಹಿಂದೆ ಗಜನಿ ಗದ್ದೆಗಳು. ಉಪ್ಪುನೀರನ್ನು ತಡೆದುಕೊಳ್ಳುವ ಕಗ್ಗದ ಭತ್ತ ಬೆಳೆಯುವುದು ಆ ಗಜನಿಗಳಲ್ಲಿಯೇ. 2024ರಲ್ಲಿ ಈ ಅಳಿವೆಯ 4,801 ಹೆಕ್ಟೇರುಗಳನ್ನು ಜಗತ್ತಿನ ಮಹತ್ವದ ಜೌಗುಭೂಮಿಗಳ ರಾಮ್‌ಸಾರ್ ಪಟ್ಟಿಗೆ ಸೇರಿಸಿದರು. ಇದನ್ನು ನಾನು ಅಜ್ಜನಿಗೆ ಸಂಭ್ರಮದಿಂದ ವಿವರಿಸಿದಾಗ ಅವರು ಕೇಳಿದ ಪ್ರಶ್ನೆ ಒಂದೇ: "ಹಂಗಾರೆ ಮೀನು ಹೆಚ್ಚು ಬೀಳ್ತದ್ಯಾ?"

ಇನ್ನು ಪಾತಿ. ಪಾತಿಯೆಂದರೆ ಒಂದೇ ಮರದ ದಿಮ್ಮಿಯನ್ನು ತೋಡಿ ಮಾಡಿದ ಪುಟ್ಟ ದೋಣಿ. ಅಜ್ಜನದು ಮಾವಿನ ಮರದ್ದು. ಹೊನ್ನಾವರದ ಕಡೆ ಈಚೆಗೆ ಪ್ರವಾಸಿಗಳು ಕೂರುವ ಬಣ್ಣಬಣ್ಣದ ಕಯಾಕುಗಳನ್ನು ನೀವು ನೋಡಿರಬಹುದು. ಅದರ ಮೂಲ ಉತ್ತರಧ್ರುವದ ಕಡೆಯ ಇನುಯಿಟ್ ಜನರ ದೋಣಿ. ಅಲ್ಲಿ ಮರ ಬೆಳೆಯದು, ಆದ್ದರಿಂದ ತೇಲಿಬಂದ ಕಟ್ಟಿಗೆಗೂ ಎಲುಬಿಗೂ ಸೀಲ್ ಪ್ರಾಣಿಯ ಚರ್ಮ ಬಿಗಿದು ಮಾಡಿಕೊಂಡರು. ನಮ್ಮವರಿಗೆ ಮಾವು ಇದ್ದಿತು, ತೋಡಿಕೊಂಡರು. ಎರಡರ ಗುಣವೂ ಒಂದೇ: ಕೂತವನು ಸೀನಿದರೂ ದೋಣಿಗೆ ತಿಳಿಯುತ್ತದೆ.

ಮೊದಲ ದಿನ ಕೃಷ್ಣಪಕ್ಷದ ಅಷ್ಟಮಿ. ನಾಲ್ಕು ಗಂಟೆಗೆ ಎದ್ದು, ನೆತ್ತಿಯ ಕಡೆಗೆ ಬಂದಿದ್ದ ಅರ್ಧಚಂದ್ರನ ಬೆಳಕಿನಲ್ಲಿ ಹೊರಟೆವು. ಅಜ್ಜ ಹಿಂದೆ, ನಾನು ನಡುವೆ, ಗೆಳೆಯ ಮುಂದೆ ಬೀಸುಬಲೆ ಹಿಡಿದು ನಿಂತಿದ್ದ. ಬಲೆ ಎಷ್ಟು ಚೆನ್ನಾಗಿ ಚಕ್ರದಂತೆ ಬಿಚ್ಚಿ ಬೀಳುತ್ತಿದ್ದಿತೋ, ಅಷ್ಟೇ ಚೆನ್ನಾಗಿ ಬರಿದಾಗಿ ಮೇಲೆ ಬರುತ್ತಿದ್ದಿತು. ಹತ್ತೊಂಬತ್ತು ಸಲ ಬೀಸಿದ್ದಕ್ಕೆ ಸಿಕ್ಕಿದ್ದು ಒಂದು ಹಿಡಿ ಸಣ್ಣ ಮೀನು ಮತ್ತು ಒಂದು ಹೊಟ್ಟೆ ಉಬ್ಬಿಸುವ ಮೀನು. ಅದು ಪಾತಿಯ ತಳದಲ್ಲಿ ಚೆಂಡಿನಂತೆ ಊದಿಕೊಂಡು ನಮ್ಮನ್ನೇ ದುರುಗುಟ್ಟಿ ನೋಡಿತು. ಅದು ವಿಷದ್ದು, ಅಜ್ಜ ಹುಟ್ಟಿನಿಂದ ಎತ್ತಿ ಹೊಳೆಗೆ ಹಾಕಿದರು.

"ಅಷ್ಟಮಿ ನೀರು ಸೋಮಾರಿ ನೀರು, ತಮಾ. ಎಳೀತಿಲ್ಲ, ಮೀನೂ ಓಡೂದಿಲ್ಲ."

ಇದರಲ್ಲಿ ಶಾಸ್ತ್ರವಿದೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿನಲ್ಲಿ ಸೇರಿ ಭರತ ಇಳಿತಗಳು ಜೋರಾಗುತ್ತವೆ. ಅಷ್ಟಮಿಯಲ್ಲಿ ಆ ಎರಡು ಸೆಳೆತಗಳು ಅಡ್ಡಡ್ಡವಾಗಿ ನೀರು ಮಂದವಾಗುತ್ತದೆ. ದಿನದಿಂದ ದಿನಕ್ಕೆ ಭರತ ಸುಮಾರು 50 ನಿಮಿಷ ತಡವಾಗುತ್ತದೆ. ಅಜ್ಜನಿಗೆ ಗಡಿಯಾರವಿಲ್ಲ, ತಿಥಿಯೊಂದು ತಿಳಿದರೆ ನೀರು ಎಷ್ಟು ಹೊತ್ತಿಗೆ ಏರುವುದೆಂದು ಹೇಳಿಬಿಡುತ್ತಾರೆ. ಪಂಚಾಂಗಕ್ಕೆ ಇಷ್ಟು ಪ್ರಯೋಜನವಿದೆಯೆಂದು ನಮ್ಮ ಮನೆಯ ಪುರೋಹಿತರಿಗೂ ತಿಳಿದಿರಲಾರದು.

ನವಮಿಯ ದಿನ ಗಜನಿಯ ಕಟ್ಟಿನ ಕಲ್ಲುಗಳ ಬಳಿ ಗಾಳ ಹಾಕಿದೆವು. ಅಲ್ಲಿ ಕಾಗಳಸೆ ಮೀನು. ಅಗಲವಾದ ಹಸಿರುಗಪ್ಪು ಮೈ, ಮೇಲೆ ಮುತ್ತು ಸಿಡಿಸಿದಂತೆ ಚುಕ್ಕೆಗಳು. ಮಲಯಾಳದವರು ಕರಿಮೀನ್ ಎನ್ನುವುದು ಇದನ್ನೇ. ಎರಡೂವರೆ ಕಿಲೋ ಸಿಕ್ಕಿತು. 750 ರೂಪಾಯಿ ಬಂದಿತು. ಒಂದು ಕಡೆ ಮಾತ್ರ ಅಜ್ಜ ಗಾಳ ಬಿಡಗೊಡಲಿಲ್ಲ. ಬಗ್ಗಿ ನೋಡಿದರೆ ತಿಳಿನೀರಿನಲ್ಲಿ ಎರಡು ಕಾಗಳಸೆಗಳು ಒಂದು ಕಲ್ಲನ್ನು ಬಿಟ್ಟು ಕದಲದೆ ಸುತ್ತುತ್ತಿದ್ದವು. ಈ ಜಾತಿಯಲ್ಲಿ ತಾಯಿ ತಂದೆ ಇಬ್ಬರೂ ಮೊಟ್ಟೆ ಮರಿಗಳನ್ನು ಕಾಯುತ್ತವೆ. "ಅದ್ನ ಹಿಡೂಕೆ ಗಾಳ ಯಾಕೆ, ಕೈಯೇ ಸಾಕು, ಅಷ್ಟು ಹತ್ರ ನಿಂತದೆ. ಆದ್ರೆ ಹಿಡೂಕಾಗ" ಎಂದರು ಅಜ್ಜ. ಪಾತಿಯನ್ನು ದೂರ ತಿರುಗಿಸಿದೆವು.

ದಶಮಿಯಂದು ಬೆಳಗಿನಲ್ಲಿ ನೀರಿಗೆ ಅಡ್ಡಲಾಗಿ ಬಲೆ ಕಟ್ಟಿ ಬಂದು, ಮಧ್ಯಾಹ್ನದ ಮೇಲೆ ಎತ್ತಲು ಹೋದೆವು. ಅಷ್ಟರಲ್ಲಿ ಘಟ್ಟದ ಕಡೆಯಿಂದ ಮೋಡ ಎದ್ದು, ಗುಡುಗು ಗಾಳಿ ಒಂದೇ ಸಲ ಬಂದಿತು. ಪಾತಿಯನ್ನು ಕಾಂಡ್ಲಾದ ಬೇರುಗಳೊಳಗೆ ನುಗ್ಗಿಸಿ, ಕೊಂಬೆ ಹಿಡಿದುಕೊಂಡು ಮುಕ್ಕಾಲು ಗಂಟೆ ನೆನೆದೆವು. ಗಾಳಿ ನಿಂತ ಮೇಲೆ ನೋಡಿದರೆ ಬಲೆಯ ತುಂಬ ಏಡಿಗಳು. ಏಡಿ ಸಿಕ್ಕುವುದು ಲಾಭವಲ್ಲವೇ ಎಂದು ನೀವು ಕೇಳಬಹುದು. ಆದರೆ ಏಡಿಯು ಬಲೆಯಿಂದ ಬಿಡಿಸಿಕೊಳ್ಳಲು ಕಾಯುವುದಿಲ್ಲ, ಕತ್ತರಿಸಿಕೊಂಡು ಹೋಗುತ್ತದೆ. ಉಳಿದವು ಮನೆಯ ಸಾರಿಗೆ ಆದವು. ಬಲೆಯಲ್ಲಿ ನಾನು ತಲೆ ತೂರಿಸಬಹುದಾದಷ್ಟು ದೊಡ್ಡ ತೂತುಗಳು ಒಂಬತ್ತು.

ಏಕಾದಶಿಯಂದು ಮೀನುಗಳೂ ಉಪವಾಸ ಮಾಡಿರಬೇಕು. ಗಾಳದ ಶೆಟ್ಲಿಯನ್ನು ಒಂದೂ ಮುಟ್ಟಲಿಲ್ಲ. ಮನೆಗೆ ಬಂದು ದಿನವಿಡೀ ಬಲೆ ಹೆಣೆದೆವು. ಗಾಯದ ಕೈಯಲ್ಲಿಯೇ ಗೆಳೆಯನ ತಂದೆಯೂ ಬಂದು ಕೂತರು. ಎರಡು ಬೆರಳು ಮಡಚದಿದ್ದರೂ ಅವರ ಗಂಟು ನಮ್ಮಿಬ್ಬರ ಗಂಟಿಗಿಂತ ಬಿಗಿ. ಅವರು ಮಾತನಾಡಿದ್ದು ಒಂದೇ ಸಲ: "ಬೋಟಿಗೆ ಹೋದ್ರೆ ದುಡ್ಡು ಸಿಗ್ತದೆ, ಇಲ್ಲ ಅಂತ ನಾ ಹೇಳೂದಿಲ್ಲ." ಮಗ ತಲೆಯೆತ್ತಲಿಲ್ಲ. ಹೆಣೆಯುವುದು ಮುಂದುವರಿಯಿತು.

ದ್ವಾದಶಿಯ ದಿನ ನೀರು ಎಳೆಯತೊಡಗಿದ್ದಿತು. ಹೊಳೆಯ ಆಳದ ಕಡೆ ದೊಡ್ಡ ಗಾಳಕ್ಕೆ ಜೀವಂತ ಸಣ್ಣ ಮೀನು ಚುಚ್ಚಿ ಬಿಟ್ಟು, ಇಳಿತದ ಜೊತೆ ತೇಲುತ್ತಿದ್ದೆವು. ಏಳು ನಿಮಿಷವೂ ಆಗಿರಲಿಲ್ಲ, ಗೆಳೆಯನ ಕೈಯ ದಾರ ಸುಯ್ಯೆಂದು ಓಡಿತು. ನೂರು ಗಜದಾಚೆ ನೀರು ಒಡೆದು ಬೆಳ್ಳಿಯ ಹಲಗೆಯಂತಹುದೊಂದು ಮೇಲೆದ್ದು, ತಲೆಯೊದರಿ, ದಡಾರನೆ ಬಿದ್ದಿತು. "ಕುರುಡೆ!" ಎಂದರು ಅಜ್ಜ. ಆ ಮೇಲೆ ಮೀನು ನಮ್ಮನ್ನು ಹಿಡಿದಿದ್ದಿತೋ ನಾವು ಮೀನನ್ನು ಹಿಡಿದಿದ್ದೆವೋ ಹೇಳುವುದು ಕಷ್ಟ. ಪಾತಿಯು ಅದರ ಹಿಂದೆ ಮದುವೆಯ ದಿಬ್ಬಣದ ಗಾಡಿಯಂತೆ ಸಾಗಿತು. ಅಜ್ಜನ ಹುಟ್ಟು ನೀರಿನಲ್ಲಿ ಸುಮ್ಮನೆ ನಿಂತಿದ್ದಿತು. ಮೀನು ತಿರುಗಿದ ಕಡೆ ಪಾತಿಯ ಮೂತಿ ತಿರುಗುವಂತೆ ಮಾತ್ರ ಅದು ಅಲುಗುತ್ತಿದ್ದಿತು. ಗೆಳೆಯನ ಬೆರಳು ಕೊಯ್ದು ರಕ್ತ ಇಳಿಯುತ್ತಿದ್ದರೂ ಅವನು ದಾರವನ್ನು ಬಿಗಿಯಾಗಿ ಸುತ್ತಿಕೊಳ್ಳಲಿಲ್ಲ. ಬೇಡಿದಷ್ಟು ಬಿಟ್ಟ, ಬಿಟ್ಟಷ್ಟು ಎಳೆದ. ಅರ್ಧ ಗಂಟೆಯ ಮೇಲೆ ಕುರುಡೆ ಪಾತಿಯೊಳಕ್ಕೆ ಬಂದಿತು. ಆರು ಕಿಲೋ. ದಂಡೆಯಲ್ಲಿಯೇ 2,700 ರೂಪಾಯಿಗೆ ಹೋಯಿತು.

ಊರಿಗೆ ಮರಳಿದ ಮೇಲೆ ಓದಿ ತಿಳಿದೆ: ಈ ಮೀನು ಗಂಡಾಗಿ ಪ್ರಾಯಕ್ಕೆ ಬಂದು, ಬೆಳೆದ ಮೇಲೆ ಹೆಣ್ಣಾಗುತ್ತದೆ, ಮಳೆ ಹಿಡಿದಾಗ ಅಳಿವೆಯ ಬಾಯಿಗೆ ಹೋಗಿ ಮೊಟ್ಟೆಯಿಡುತ್ತದೆ. ಸುದ್ಯುಮ್ನನು ಇಳೆಯಾದ ಕಥೆಯನ್ನು ಪುರಾಣವೆಂದು ನಗುವವರು ಕುರುಡೆಯನ್ನು ಕೇಳಿ ನೋಡಬೇಕು.

ತ್ರಯೋದಶಿಯಂದು ಹೊಸದಾಗಿ ಹೆಣೆದ ಬಲೆಗೆ ಶೆಟ್ಲಿ ಚೆನ್ನಾಗಿಯೇ ಬಿದ್ದಿತು. ಆದರೆ ನಿಷೇಧ ಹತ್ತಿರವಾಯಿತೆಂದು ಬೋಟುಗಳೆಲ್ಲ ಹಗಲೂ ರಾತ್ರಿ ಬಾಚಿ ತಂದು ಸುರಿದಿದ್ದವು, ದರ ಬಿದ್ದುಹೋಗಿದ್ದಿತು. ಬುಟ್ಟಿ ತುಂಬಿದ ದಿನವೇ ಕೈಗೆ ಬಂದದ್ದು 350. ಚತುರ್ದಶಿಯಂದು ಸೆಳೆತ ವಿಪರೀತವಾಗಿ ಬಲೆ ನಿಲ್ಲಲೇ ಇಲ್ಲ. ಹೀಗೆ ಏಳು ದಿನ ಮುಗಿದವು. ಒಟ್ಟು ಗಳಿಕೆ 3,800. ಬಲೆಯ ದಾರ, ಗಾಳ, ಮಂಜುಗಡ್ಡೆಗೆ 900 ಕಳೆದರೆ ಉಳಿದದ್ದು 2,900. ಬೇಕಾದದ್ದು 5,500. ಲೆಕ್ಕ ಬರೆದ ಹಾಳೆಯನ್ನು ಗೆಳೆಯ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡ.

ಇಷ್ಟು ಹೊತ್ತೂ ನಾನು ಅಜ್ಜಿಯ ವಿಷಯ ಹೇಳಲಿಲ್ಲ. ನಮ್ಮ ಮೂವರ ಸಾಹಸದ ನಡುವೆ ಅವರ ಕಡೆ ಯಾರೂ ನೋಡುತ್ತಿರಲಿಲ್ಲ ಎಂಬುದೇ ಕಾರಣ. ನಾನು ಮೀನು ತಿನ್ನದವನೆಂದು ತಿಳಿದು, ಬೇರೆ ಪಾತ್ರೆಯಲ್ಲಿ ಕಗ್ಗದ ಅಕ್ಕಿಯ ಗಂಜಿ, ಮುರುಗಲ ಹಣ್ಣಿನ ಸಾರು ಮಾಡಿ ಬಡಿಸುತ್ತಿದ್ದರು. ನೀರು ಇಳಿಯುವ ಹೊತ್ತಿಗೆ ಸರಿಯಾಗಿ ಬುಟ್ಟಿ ಹಿಡಿದು ಹೋಗಿಬಿಡುತ್ತಿದ್ದರು. ಚತುರ್ದಶಿಯ ಸಂಜೆ, ನಾಲ್ಕು ಗಂಟೆಯ ಇಳಿತದಲ್ಲಿ, ಮಾಡಲು ಕೆಲಸವಿಲ್ಲದೆ ನಾವೂ ಅವರ ಹಿಂದೆ ಹೋದೆವು. ಹೊಳೆಯ ನಡುವೆ ಮರಳ ದಿಬ್ಬ ಎದ್ದಿದ್ದಿತು. ಹತ್ತಾರು ಹೆಂಗಸರು ಸೊಂಟದವರೆಗಿನ ನೀರಿನಲ್ಲಿ ನಿಂತು, ಕಾಲಿನಿಂದ ತಡವಿ, ಬಗ್ಗಿ, ಕೆಸರಿನೊಳಗಿನಿಂದ ಬಳಚು ಎತ್ತುತ್ತಿದ್ದರು. ಬಳಚೆಂದರೆ ಎರಡು ಚಿಪ್ಪಿನ ನಡುವೆ ಬದುಕುವ ಜೀವ. ಅದು ಓಡುವುದಿಲ್ಲ, ಬಲೆ ಹರಿಯುವುದಿಲ್ಲ, ಮೇಲೆದ್ದು ಮೈ ತೋರಿಸುವುದಿಲ್ಲ. ಅದನ್ನು ಹಿಡಿದವರು ಕೈಯಗಲಿಸಿ ಕಥೆ ಹೇಳುವುದೂ ಇಲ್ಲ. ಬೆನ್ನು ಮಾತ್ರ ಬಗ್ಗುತ್ತದೆ.

"ಮೊದ್ಲು ಗಳಿಗೇಲಿ ಬುಟ್ಟಿ ತುಂಬ್ತಿತ್ತು ಮಗಾ," ಎಂದರು ಅಜ್ಜಿ. "2019ರ ನೆರೆ ಬಂದದ್ದೇ ದಿಬ್ಬ ಎಲ್ಲ ಅಡಿಮೇಲಾತು. ಈಗ ಹೊತ್ತು ಮುಳುಗೂವರೆಗೆ ಹೆಕ್ಕಬೇಕು."

ಆ ರಾತ್ರಿ ಊಟವಾದ ಮೇಲೆ ಅಜ್ಜಿ ಸೆರಗಿನ ಗಂಟು ಬಿಚ್ಚಿ ಹತ್ತು, ಇಪ್ಪತ್ತು, ಐವತ್ತರ ನೋಟುಗಳನ್ನು ಚಾಪೆಯ ಮೇಲಿಟ್ಟರು. ಗೆಳೆಯ ಎಣಿಸಿದ, ನಂಬದೆ ಮತ್ತೊಮ್ಮೆ ಎಣಿಸಿದ. ಏಳು ಇಳಿತಗಳ ಬಳಚು ಮಾರಿ ಬಂದದ್ದು 2,950 ರೂಪಾಯಿ. ಗುಡುಗಿನ ದಿನವೂ ಅವರು ಹೋಗಿದ್ದರು, ಏಕಾದಶಿಯ ದಿನವೂ ಹೋಗಿದ್ದರು. ಮೂವರು ಗಂಡಸರು, ಒಂದು ಪಾತಿ, ಎರಡು ಬಲೆ, ಆರು ಕಿಲೋ ಕುರುಡೆ ಎಲ್ಲ ಸೇರಿ ಆ ಹೆಂಗಸಿಗಿಂತ ಐವತ್ತು ರೂಪಾಯಿ ಕಡಿಮೆ ದುಡಿದಿದ್ದೆವು. ಅಜ್ಜ ಬಹಳ ಹೊತ್ತು ಎಲೆಯಡಿಕೆ ಅಗಿದು, "ಅವಳ ಹಣೆಬರಹ ಒಳ್ಳೇದು" ಎಂದರು. "ನನ್ನ ಸೊಂಟ ಒಳ್ಳೇದು" ಎಂದರು ಅಜ್ಜಿ. ಆ ಮನೆಯಲ್ಲಿ ಫಾಲ್ಗುಣದಿಂದ ಈಚೆಗೆ ಎಲ್ಲರೂ ಒಟ್ಟಿಗೆ ನಕ್ಕದ್ದು ಅದೇ ಮೊದಲೆಂದು ಗೆಳೆಯ ಆಮೇಲೆ ಹೇಳಿದ.

ಅದೃಷ್ಟವೆಂಬುದು ಇಲ್ಲವೆಂದು ನಾನು ಹೇಳಲಾರೆ. ಕುರುಡೆಯ ಬೆಳ್ಳಿಯ ಮೈಯನ್ನು ಕಣ್ಣಾರೆ ಕಂಡಿದ್ದೇನೆ. ಆ 2,700 ಇಲ್ಲದಿದ್ದರೆ ಅಜ್ಜಿಯ ದುಡ್ಡೊಂದೇ ಸಾಲುತ್ತಿರಲಿಲ್ಲ. ಆದರೆ ಅದೃಷ್ಟ ಬರುವ ದಿನದವರೆಗೆ ಮನೆಯನ್ನು ಹಿಡಿದು ನಿಲ್ಲಿಸುವ ಕೈ ಬೇರೆಯೇ ಇರುತ್ತದೆ. ಅದು ಲೆಕ್ಕದ ಹಾಳೆಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ.

ಮುಂಗಡದ ಮಾತಿಗೆ ಬಂದವರಿಗೆ ಅಜ್ಜ ಚಹಾ ಕೊಟ್ಟು, "ಹುಡುಗಂದು ಇನ್ನೊಂದು ವರ್ಷ ಉಂಟು" ಎಂದು ಹೇಳಿ ಕಳುಹಿಸಿದರು. ಮಳೆ ಬಂದಿತು, ಪಾತಿಯನ್ನು ಮಡಲಿನ ಕೆಳಗೆ ಬೋರಲು ಹಾಕಿದರಂತೆ. ಶುಲ್ಕ ಕಟ್ಟುವ ದಿನ ನಾನು ಗೆಳೆಯನ ಜೊತೆಗೆ ಕಿಟಕಿಯ ಮುಂದೆ ನಿಂತಿದ್ದೆ. ಅಷ್ಟೊಂದು ಸಣ್ಣ ನೋಟುಗಳನ್ನು ಎಣಿಸಬೇಕಾಗಿ ಬಂದ ಗುಮಾಸ್ತರು ಗೊಣಗಿಕೊಂಡು, "ಇದೇನಯ್ಯಾ, ಯಾವುದಾದರೂ ಜಾತ್ರೆಯಲ್ಲಿ ಅಂಗಡಿ ಇಟ್ಟಿದ್ದೆಯಾ?" ಎಂದು ಕೇಳಿದರು.

"ಇಲ್ಲ ಸಾರ್. ಅಜ್ಜಿ ಕೊಟ್ಟದ್ದು" ಎಂದ ನನ್ನ ಗೆಳೆಯ. ರಸೀದಿಯನ್ನು ಎರಡು ಸಲ ಓದಿ ಜೇಬಿಗಿಟ್ಟುಕೊಂಡ.